ಬಲಗೈ ಹೆಬ್ಬೆರಳ ಉಗುರು

ಬೆಳಿಗ್ಗೆ ನೋನಿಯ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಮುಖ ಒರೆಸಿ, ಹಲ್ಲಿನ ಸೆಟ್ಟು ತೊಳೆದುಕೊಟ್ಟ ಮೇಲೆ ಅವರು ನನ್ನ ಬಲಗೈ ಕೇಳುತ್ತಿದ್ದರು. ಬಾಯಿಬಿಟ್ಟು ಕೇಳುತ್ತಿರಲಿಲ್ಲ, ಹೊದಿಕೆಯ ಮೇಲೆ ತಮ್ಮ ಅಂಗೈಯನ್ನು ತೆರೆದು ಇಡುತ್ತಿದ್ದರು, ಅಷ್ಟೆ. ನಾನು ಕೈ ಇಟ್ಟರೆ ಹೆಬ್ಬೆರಳನ್ನು ಮಾತ್ರ ಬೇರೆ ಮಾಡಿ ಹಿಡಿದುಕೊಂಡು, ಉಗುರನ್ನು ಬುಡದಿಂದ ತುದಿಯವರೆಗೆ ಮೆಲ್ಲಗೆ ಸವರುತ್ತಿದ್ದರು. ಎರಡು ಕಣ್ಣಿಗೂ ಪೊರೆ ಬಂದಿದ್ದರಿಂದ ನೋಡುವ ಗೋಜಿಗೆ ಹೋಗುತ್ತಿರಲಿಲ್ಲ. ಆಮೇಲೆ ಕೈ ಬಿಟ್ಟು, "ಚಾ ತಾ," ಅನ್ನುತ್ತಿದ್ದರು.

ಇವತ್ತೂ ಇಲ್ಲ ಎಂದು ಅದರ ಅರ್ಥ.

ನೋನಿ ನನ್ನ ಅತ್ತೆ. ಲೀಟ್ರಿಮ್ ಜಿಲ್ಲೆಯ ನಮ್ಮ ಈ ಮೂಲೆಯಲ್ಲಿ ಯಾರ ಮಗುವಿಗೆ ಹುಳುಕಡ್ಡಿ ಎದ್ದರೂ ನಮ್ಮ ಮನೆಯ ಬಾಗಿಲಿಗೆ ಕರೆದುಕೊಂಡು ಬರುತ್ತಾರೆ. ಅದು ದನಕರುಗಳಿಂದ ಹತ್ತುತ್ತದೆ, ಕರುಗಳ ಕುತ್ತಿಗೆ ತಬ್ಬಿಕೊಳ್ಳುವ ಮಕ್ಕಳಿಗೆ ತಪ್ಪಿದ್ದಲ್ಲ. ನೋನಿ ಬೆಳಿಗ್ಗೆಯಿಂದ ಏನೂ ತಿನ್ನದೆ ಕುಡಿಯದೆ ಇದ್ದು, ಬಲಗೈ ಹೆಬ್ಬೆರಳಿಗೆ ಬಾಯಿಯ ಎಂಜಲು ಹಚ್ಚಿಕೊಂಡು, ಚರ್ಮದ ಮೇಲೆ ಎದ್ದ ಆ ಕೆಂಪು ಬಳೆಯ ಸುತ್ತ ಒಂದು ಗೆರೆ ಎಳೆಯುತ್ತಾ ಯಾರಿಗೂ ಕೇಳದ ಹಾಗೆ ಏನೋ ಹೇಳುತ್ತಿದ್ದರು. ಸೋಮವಾರ ಒಂದು ಸಲ, ಗುರುವಾರ ಒಂದು ಸಲ, ಮತ್ತೆ ಸೋಮವಾರ ಒಂದು ಸಲ. ವಾಸಿಯಾಗುತ್ತಿತ್ತು. ತಾನಾಗಿಯೇ ವಾಸಿಯಾಗುತ್ತಿತ್ತೋ ಏನೋ, ನನಗೆ ಗೊತ್ತಿಲ್ಲ. ವಾಸಿಯಾಗುತ್ತಿದ್ದದ್ದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ. ಊರಿನವರು ಅದನ್ನು ಬರೀ 'ಮದ್ದು' ಅನ್ನುತ್ತಾರೆ. ಆ ಮನೆಯಲ್ಲಿ ಮದ್ದಿದೆ, ಅನ್ನುತ್ತಾರೆ, ಆ ಮನೆಯಲ್ಲಿ ಒಳ್ಳೆಯ ಬಾವಿ ಇದೆ ಎನ್ನುವ ಹಾಗೆ.

ಅದಕ್ಕೆ ಕಾಸು ಕೊಡುವಂತಿಲ್ಲ. ಥ್ಯಾಂಕ್ಸ್ ಹೇಳುವಂತಿಲ್ಲ; ಹೇಳಿದರೆ ಮದ್ದು ಅಲ್ಲಿಗೇ ಕೆಟ್ಟಿತು. ಬಂದವರು ಸುಮ್ಮನೆ ಎದ್ದು, ಹವಾಮಾನದ ಬಗ್ಗೆ ಒಂದು ಮಾತಾಡಿ ಹೋಗುತ್ತಾರೆ. ಎಷ್ಟೋ ವಾರದ ಮೇಲೆ ಮೆಟ್ಟಿಲ ಮೇಲೆ ಮೊಟ್ಟೆಯ ಡಬ್ಬಿಯೋ ಒಲೆಗೆ ಹಾಕುವ ಪೀಟ್ ಹೆಂಟೆಯ ಚೀಲವೋ ಇರುತ್ತದೆ, ಯಾರಿಟ್ಟರೆಂದು ಯಾರೂ ಕೇಳುವುದಿಲ್ಲ. ಮದ್ದಿನ ಮಾತು ಮನೆಯ ಅತ್ತೆಯಿಂದ ಸೊಸೆಗೆ ಬರಬೇಕು. ನೋನಿಗೆ ಅವರ ಅತ್ತೆಯಿಂದ ಬಂದದ್ದು. ಇಬ್ಬರೂ ಬರಿಹೊಟ್ಟೆಯಲ್ಲಿರುವಾಗ, ಕಿವಿಯಲ್ಲಿ, ಒಂದೇ ಸಲ. ಪಡೆಯುವ ಕೈಯಲ್ಲಿ ಊನ ಇರಬಾರದು.

ನನ್ನ ಊನ ಬಲಗೈ ಹೆಬ್ಬೆರಳಲ್ಲೇ ಇತ್ತು, ಗೆರೆ ಎಳೆಯುವ ಬೆರಳಲ್ಲೇ.

ನೋನಿ ಹಿತ್ತಲಲ್ಲಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅದು ಶುರುವಾದದ್ದು. ಆಮೇಲಿನ ವರ್ಷಗಳಲ್ಲಿ ನನ್ನ ಕೈ ಒಣಗಿದ್ದ ಹೊತ್ತೇ ಕಡಿಮೆ. ಹಾಸಿಗೆಯ ಬಟ್ಟೆ, ಒರೆಸುವ ಬಟ್ಟೆ, ರಬ್ಬರ್ ಗವಸು, ಗವಸಿನೊಳಗೆ ಬೆವರು. ಮೊದಲು ಉಗುರಿನ ಮೂಲೆಯಲ್ಲಿ ಒಂದು ಬಿಳಿ ಚುಕ್ಕೆ ಕಂಡಿತು. ಬ್ರೆಡ್ಡಿಗೆ ಹಿಟ್ಟು ಕಲಸಿದ್ದೆ, ಅದೇ ಅಂಟಿರಬೇಕು ಅಂದುಕೊಂಡು ಉಜ್ಜಿದೆ. ಹೋಗಲಿಲ್ಲ. ಆಮೇಲೆ ಹಳದಿಯಾಯಿತು, ದಪ್ಪವಾಯಿತು, ಕೊನೆಗೆ ತುದಿಯಲ್ಲಿ ಹಳೆಯ ಮೇಣದ ಬತ್ತಿಯ ಹಾಗೆ ಪುಡಿಪುಡಿಯಾಗಿ ಉದುರತೊಡಗಿತು. ಅಂಗಡಿಯಲ್ಲಿ ಚಿಲ್ಲರೆ ಕೊಡುವಾಗ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಳ್ಳುವುದನ್ನು ಕಲಿತೆ. ಚರ್ಚಿನಲ್ಲಿ ಶಾಂತಿ ಹಾರೈಸಿ ಪಕ್ಕದವರ ಕೈ ಕುಲುಕುವ ಹೊತ್ತಿಗೆ ಸರಿಯಾಗಿ ನನಗೆ ಕೆಮ್ಮು ಬರುತ್ತಿತ್ತು.

ಒಮ್ಮೆ ನೋನಿಯನ್ನೇ ಕೇಳಿದೆ, ನಿಮ್ಮ ಮದ್ದನ್ನೇ ಹಾಕಿ ನೋಡಿ ಎಂದು. ಅವರು ತಲೆಯಾಡಿಸಿದರು.

"ಅದು ಚರ್ಮದ ಮಾತು, ಡಿಂಪ್ನಾ. ಉಗುರಿಗೆ ಹತ್ತಲ್ಲ."

ಹಾಗಾದರೆ ಡಾಕ್ಟರ ಹತ್ತಿರ ಹೋಗಲೇ ಎಂದು ಕೇಳಿದೆ. ನಿನ್ನ ಬೆರಳು, ನಿನ್ನ ಇಷ್ಟ, ಆದರೆ ಡಾಕ್ಟರ ಮದ್ದು ಬಿದ್ದ ಬೆರಳಿಗೆ ನಮ್ಮ ಮದ್ದು ನಿಲ್ಲುವುದಿಲ್ಲ ಎಂದು ನಮ್ಮತ್ತೆ ಹೇಳುತ್ತಿದ್ದರು, ಎಂದರು. ಅದು ತಮ್ಮ ಮಾತು ಎನ್ನಲಿಲ್ಲ. ನೋನಿ ಹಾಗೆಯೇ; ಕಷ್ಟದ ಮಾತನ್ನೆಲ್ಲ ಸತ್ತವರ ಬಾಯಲ್ಲಿ ಹೇಳಿಸುತ್ತಿದ್ದರು.

ನಾನು ಈ ಮನೆಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಈಗಲೂ ಹಾಲಿನ ಡೇರಿಯಲ್ಲಿ ನನ್ನನ್ನು ಮೆಲ್‌ನ ಹೆಂಡತಿ, ಡ್ರೊಹೆಡಾದವಳು ಎಂದೇ ಗುರುತಿಸುತ್ತಾರೆ. ನಮಗೆ ಮಕ್ಕಳಾಗಲಿಲ್ಲ. ಗೋಡೆಯ ಮೇಲಿರುವ ಫೋಟೋಗಳಲ್ಲಿ ನಾನಿರುವುದು ಒಂದೇ, ಮದುವೆಯದು, ಅದರಲ್ಲೂ ಗಾಳಿಗೆ ಮುಸುಕು ಹಾರಿ ಮುಖಕ್ಕೆ ಅಡ್ಡ ಬಂದಿದೆ. ಈ ಮನೆಯ ಹೆಂಗಸರ ಸಾಲಿನಲ್ಲಿ ನಾನೂ ಒಬ್ಬಳು ಎಂದು ಹೇಳಲು ಇನ್ನು ಉಳಿದದ್ದು ಆ ಮದ್ದಿನ ಮಾತು ಒಂದೇ. ಅದಕ್ಕಾಗಿ ನಾನು ನೋನಿಯನ್ನು ನೋಡಿಕೊಂಡೆ ಎಂದರೆ ಸುಳ್ಳಾಗುತ್ತದೆ. ಆದರೆ ಹಾಸಿಗೆಯ ಬಟ್ಟೆಯನ್ನು ಹಿಂಡುವಾಗ, ಕೊನೆಗೆ ಅದಾದರೂ ಬರುತ್ತದಲ್ಲ ಎಂದು ಅಂದುಕೊಂಡದ್ದುಂಟು.

ಹಾಗಾಗಿ ಮನೆಮದ್ದು.

ವಿನೆಗರಿನಿಂದ ಶುರು ಮಾಡಿದೆ. ಬೇಯಿಸಿದ ಮೊಟ್ಟೆ ಇಡುವ ಪುಟ್ಟ ಬಟ್ಟಲಿಗೆ ತುಂಬಿ, ಬೆಳಿಗ್ಗೆ ಸಂಜೆ ಹೆಬ್ಬೆರಳನ್ನು ಅದರೊಳಗಿಟ್ಟುಕೊಂಡು ರೇಡಿಯೋ ಕೇಳುತ್ತಾ ಕೂರುತ್ತಿದ್ದೆ. ರೇಡಿಯೋದಲ್ಲಿ ದಿನವೂ ಸತ್ತವರ ಹೆಸರು ಓದುತ್ತಾರೆ, ಅದು ಮುಗಿಯುವವರೆಗೆ. ನನ್ನ ಗಂಡ ಮೆಲ್ ಕುರಿ ನೋಡಿ ಬಂದವನು ಬಾಗಿಲಲ್ಲೇ ಮೂಗು ಅರಳಿಸಿ, ಮನೆಗೆ ಬಂದೆನೋ ವಿನೆಗರ್ ಸುರಿದು ಕರಿದ ಮೀನು ಮಾರುವ ಅಂಗಡಿಗೆ ಬಂದೆನೋ ಎಂದು ಕೇಳುತ್ತಿದ್ದ. ವಿನೆಗರ್ ಆದ ಮೇಲೆ ಬೆಳ್ಳುಳ್ಳಿ: ಜಜ್ಜಿ, ಉಗುರಿನ ಮೇಲಿಟ್ಟು, ಪ್ಲಾಸ್ಟಿಕ್ ಹಾಳೆ ಸುತ್ತಿ ಮಲಗಿದೆ. ಉಗುರಿಗೆ ಏನೂ ಆಗಲಿಲ್ಲ, ಸುತ್ತಲಿನ ಚರ್ಮದ ಮೇಲೆ ಬೊಬ್ಬೆ ಎದ್ದಿತು. ಆಮೇಲೆ ಎದೆಗೆ ಹಚ್ಚುವ ನೆಗಡಿ ಮುಲಾಮು. ಆಮೇಲೆ ಸೋಡಾ ಪುಡಿಯನ್ನು ನಿಂಬೆರಸದಲ್ಲಿ ಕಲಸಿ. ಆಮೇಲೆ ಬಾಯಿ ಮುಕ್ಕಳಿಸುವ ನೀಲಿ ನೀರು.

ಪಕ್ಕದ ಮನೆಯ ಜೋಸಿಗೆ ಮಾತ್ರ ತೋರಿಸಿದ್ದೆ. ಅವಳು ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು, ನಮ್ಮಪ್ಪನ ಕಾಲಿನ ಉಗುರೆಲ್ಲ ಹೀಗೇ ಇದ್ದವು, ತೊಂಬತ್ತು ವರ್ಷ ಬದುಕಿದ, ಎಂದು ಸಮಾಧಾನ ಹೇಳಿದಳು. ಮಾರನೆಯ ದಿನ ಕೋಟಿನೊಳಗೆ ಬಚ್ಚಿಟ್ಟುಕೊಂಡು ಒಂದು ಸೀಸೆ ಕಳ್ಳಭಟ್ಟಿ ತಂದುಕೊಟ್ಟಳು. ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ಅದನ್ನು ತೀರ್ಥದ ಸೀಸೆಯ ಹಿಂದೆ ಇಟ್ಟು, ಹತ್ತಿಯಲ್ಲಿ ಅದ್ದಿ ಉಗುರಿಗೆ ಕಟ್ಟಿಕೊಳ್ಳುತ್ತಿದ್ದೆ.

"ಹೆಬ್ಬೆರಳಿಗೆ ಕುಡಿಸೋ ಬದ್ಲು ನಂಗೆ ಕುಡಿಸೆ," ಎಂದ ಮೆಲ್. "ಮೂವರಲ್ಲಿ ಒಬ್ರಾದ್ರೂ ಖುಷಿಯಾಗಿರ್ತೀವಿ."

ಫೆಬ್ರುವರಿಯಲ್ಲಿ ಒಂದು ದಿನ ನೋನಿಯನ್ನು ನೋಡಲು ಬರುವ ನರ್ಸ್ ನನ್ನನ್ನು ಹೊರಗೆ ಕಾರಿನವರೆಗೆ ಕರೆದುಕೊಂಡು ಹೋಗಿ, ಹೃದಯ ಸೋಲುತ್ತಿದೆ, ಬೇಸಿಗೆ ನೋಡುತ್ತಾರೆಂದು ನಂಬಿಕೊಳ್ಳಬೇಡಿ ಎಂದಳು. ಅವಳು ಹೋದ ಮೇಲೆ ನಾನು ಅಂಗಳದಲ್ಲೇ ನಿಂತು ನನ್ನ ಉಗುರು ನೋಡಿಕೊಂಡೆ. ಅಂಥ ಮಾತು ಕೇಳಿದ ಗಳಿಗೆಯಲ್ಲಿ ಅದನ್ನು ನೋಡಿಕೊಂಡೆನಲ್ಲ ಎಂದು ನಾಚಿಕೆಯಾಯಿತು. ಆದರೂ ನೋಡಿಕೊಂಡೆ.

ಮರುದಿನ ದೂರದ ಕ್ಯಾರಿಕ್ ಪೇಟೆಗೆ ಹೋದೆ. ಹತ್ತಿರದ ಮೋಹಿಲ್‌ನ ಔಷಧದ ಅಂಗಡಿಯಲ್ಲಿ ಎಲ್ಲರೂ ಗುರುತಿನವರು. ಕ್ಯಾರಿಕ್‌ನ ಅಂಗಡಿಯಲ್ಲಿ ಕೌಂಟರಿನ ಹಿಂದಿದ್ದ ಹುಡುಗಿ ಬೆರಳನ್ನು ತಿರುಗಿಸಿ ನೋಡಿ, ಇದು ಶಿಲೀಂಧ್ರ, ಹುಳುಕಡ್ಡಿಯ ಕುಲದ್ದೇ ಎಂದಳು. ನನಗೆ ನಗು ಬಂತು. ಅವಳು ಕಾರಣ ಕೇಳಲಿಲ್ಲ. ಉಗುರು ಚರ್ಮದ ಹಾಗಲ್ಲ, ಕೆಟ್ಟದ್ದು ಸರಿಯಾಗುವುದಿಲ್ಲ, ಹೊಸದು ಬುಡದಿಂದ ಬೆಳೆದು ಹಳೆಯದನ್ನು ಹೊರಗೆ ತಳ್ಳಬೇಕು. ಹೆಬ್ಬೆರಳಿಗೆ ಅರ್ಧ ವರ್ಷವಾದರೂ ಬೇಕು, ಯಾವ ಔಷಧ ಹಾಕಿದರೂ ಅಷ್ಟೇ, ಎಂದು ವಿವರಿಸಿದಳು. ಬೇಗ ಆಗುವಂಥದ್ದು ಏನೂ ಇಲ್ಲವೇ ಎಂದು ಕೇಳಿದೆ.

"ಯಾಕೆ, ಮನೇಲಿ ಮದ್ವೆ ಏನಾದ್ರೂ ಇದ್ಯಾ?"

"ಹೂಂ," ಅಂದೆ. "ಅಂಥದ್ದೇ."

ಏನೂ ಕೊಳ್ಳದೆ ಬಂದೆ. ಬಸ್ಸಿನಲ್ಲಿ ಕೂತು ಅಂದುಕೊಂಡೆ, ಒಂದು ಉಗುರು ಬೆಳೆಯುವ ವೇಗ, ಒಬ್ಬ ಮುದುಕಿ ಸವೆಯುವ ವೇಗ, ಈ ಎರಡರ ಮೇಲೂ ನನ್ನ ಕೈ ನಡೆಯುವುದಿಲ್ಲ. ಒಂದನ್ನು ಎಳೆಯಲು ಆಗುವುದಿಲ್ಲ, ಇನ್ನೊಂದನ್ನು ತಡೆಯಲು ಆಗುವುದಿಲ್ಲ. ಆದರೆ ಹಾಗೆಂದುಕೊಂಡು ಸುಮ್ಮನಿರುವುದೂ ಆಗಲಿಲ್ಲ. ಮನೆಗೆ ಬಂದವಳೇ ಮತ್ತೆ ವಿನೆಗರ್ ಬಟ್ಟಲು ಇಟ್ಟುಕೊಂಡೆ.

ಆ ಭಾನುವಾರ ನಾದಿನಿ ಇಟಾ ಲಾಂಗ್‌ಫರ್ಡ್‌ನಿಂದ ಬಂದಳು. ಅವಳು ಬಂದರೆ ಅಮ್ಮನ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂತು, ಜೋರಾಗಿ ಮಾತಾಡಿ, ಆಮೇಲೆ ಅಡುಗೆಮನೆಗೆ ಬಂದು ದನಿ ತಗ್ಗಿಸುತ್ತಾಳೆ. ಅಮ್ಮ ಇನ್ನೂ ನಿನಗೆ ಆ ಮದ್ದಿನ ಮಾತು ಹೇಳಿಕೊಟ್ಟಿಲ್ಲವಂತೆ, ಯಾಕೆ ಎಂದು ಕೇಳಿದಳು. ನಾನು ಹೆಬ್ಬೆರಳು ತೋರಿಸಿದೆ. ಅವಳು ಹಿಂದೆ ಸರಿಯಲಿಲ್ಲ, ಅದನ್ನು ಒಪ್ಪಬೇಕು. ಕನ್ನಡಕ ಹಾಕಿಕೊಂಡು ನೋಡಿದಳು.

"ನಂಗೆ ಕೊಡಲಿ ಅಂತ ನಾನೇನೂ ಕೇಳ್ತಿಲ್ಲ. ಅದರ ಮೇಲೆ ನಂಗೆ ನಂಬಿಕೇನೂ ಇಲ್ಲ. ಆದ್ರೆ ನಂಗೆ ಮಗಳಿದಾಳೆ. ನಿನ್ನ ನಂತ್ರ ಅದನ್ನ ಯಾರಿಗೆ ಕೊಡ್ತೀಯ, ಡಿಂಪ್ನಾ? ಕುರಿಗಳಿಗಾ?"

ಹೇಳಿದ ಮೇಲೆ ಅವಳಿಗೇ ಕೆಟ್ಟದೆನಿಸಿರಬೇಕು. ಕೈಚೀಲ ಕೆದಕಿ ಉಗುರಿಗೆ ಹಚ್ಚುವ ಬಣ್ಣದ ಸೀಸೆ ತೆಗೆದಳು. ಗುಲಾಬಿಯೂ ಅಲ್ಲದ, ಕಂದೂ ಅಲ್ಲದ, ಉಗುರಿನದೇ ಎನಿಸುವಂಥ ಬಣ್ಣ. ಅಮ್ಮನಿಗೆ ಕಣ್ಣು ಕಾಣುವುದಿಲ್ಲ, ತುದಿಯನ್ನು ಚೆನ್ನಾಗಿ ಅರದಿಂದ ಉಜ್ಜಿ ಇದನ್ನು ಹಚ್ಚಿದರೆ ಯಾರಿಗೂ ಗೊತ್ತಾಗುವುದಿಲ್ಲ, ಎಂದು ನನ್ನ ಕೈಯನ್ನು ತನ್ನ ಮಂಡಿಯ ಮೇಲಿಟ್ಟುಕೊಂಡು ತಾನೇ ಉಜ್ಜಿದಳು. ತನ್ನ ಸ್ಕರ್ಟಿನ ಮೇಲೆಲ್ಲ ಹಳದಿ ಪುಡಿ ಬಿದ್ದರೂ ಒದರಿಕೊಳ್ಳಲಿಲ್ಲ. ಎರಡು ಸಲ ಬಣ್ಣ ಹಚ್ಚಿ ಊದಿದಳು. ಅಷ್ಟು ಹೊತ್ತು ನಮ್ಮಿಬ್ಬರ ತಲೆ ಹತ್ತಿರ ಇದ್ದದ್ದು ಎಷ್ಟೋ ವರ್ಷದಲ್ಲಿ ಅದೇ ಮೊದಲು.

ಮಾರನೆಯ ಬೆಳಿಗ್ಗೆ ನೋನಿ ಅಂಗೈ ತೆರೆದರು. ನಾನು ಕೈ ಇಟ್ಟೆ. ಅವರ ಬೆರಳು ಬುಡದಿಂದ ಹೊರಟು ನಡುವಿಗೆ ಬಂದು ನಿಂತಿತು.

"ಬಾಗಿಲಿಗೆ ಬಣ್ಣ ಹೊಡೆದ ಹಾಗಿದೆ," ಎಂದರು. "ಇಟಾ ಕೆಲ್ಸ ತಾನೆ?"

ಹೌದೆಂದೆ. ಅವರ ಮೈ ಅಲುಗಿತು. ಅಳುತ್ತಿದ್ದಾರೆಂದು ಗಾಬರಿಯಾದೆ, ನಗುತ್ತಿದ್ದರು. ಆಮೇಲೆ ಚಾ ಕೇಳಿದರು.

ಮೈಲುತುತ್ತದ ಯೋಚನೆ ಬಂದದ್ದು ಆ ವಾರ. ಕೊಟ್ಟಿಗೆಯ ಅಟ್ಟದ ಮೇಲೆ ಮಾವನ ಕಾಲದ ತಗಡಿನ ಡಬ್ಬಿ ಒಂದಿತ್ತು, ಅದರಲ್ಲಿ ನೀಲಿ ಹರಳು. ಕುರಿಗಳ ಗೊರಸು ಕೊಳೆತರೆ ಅದನ್ನು ನೀರಿಗೆ ಹಾಕಿ, ಆ ನೀರಿನಲ್ಲಿ ಅವುಗಳನ್ನು ನಿಲ್ಲಿಸುತ್ತಿದ್ದರು. ಗೊರಸು ಅಂದರೂ ಉಗುರೇ ಅಲ್ಲವೇ? ಕುರಿಗೆ ಆಗುವುದು ನನಗೇಕೆ ಆಗಬಾರದು? ಈಗ ಬರೆಯುವಾಗ ಇದು ಎಷ್ಟು ಪೆದ್ದು ಎಂದು ಕಾಣುತ್ತದೆ. ಆ ಹೊತ್ತಿಗೆ ಅದು ನನಗೆ ತುಂಬ ಬುದ್ಧಿವಂತಿಕೆಯ ಮಾತಾಗಿ ಕಂಡಿತ್ತು. ಹರಳನ್ನು ಬಿಸಿನೀರಿನಲ್ಲಿ ಗಟ್ಟಿಯಾಗಿ ಕರಗಿಸಿದೆ. ಅದು ಸ್ವರ್ಗದ ಚಿತ್ರದಲ್ಲಿರುವ ಆಕಾಶದ ಹಾಗೆ ನೀಲಿಯಾಯಿತು. ಉಗುರನ್ನು ಚೆನ್ನಾಗಿ ಕೆರೆದು, ಬೆರಳನ್ನು ಅದರಲ್ಲಿಟ್ಟೆ. ಚುರುಗುಟ್ಟಿತು. ಚುರುಗುಟ್ಟಿದರೆ ಕೆಲಸ ಮಾಡುತ್ತಿದೆ ಎಂದು ಹಲ್ಲು ಕಚ್ಚಿ ಕೂತೆ. ನೋವು ತೋಳಿಗೆ ಹತ್ತಿದ ಮೇಲೂ ಕೂತೆ.

ಮೆಲ್ ಬಂದು ನೋಡಿದವನೇ ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಹಿಡಿದ. ಚರ್ಮ ಬಿಳಿಚಿ ಸುಕ್ಕಾಗಿತ್ತು, ಉಗುರು ಹಸಿರು ನೀಲಿ. ನೀರು ಸುರಿಯುತ್ತಲೇ ಇತ್ತು, ಅವನು ಬಿಡಲೇ ಇಲ್ಲ.

"ಕುರಿಗೂ ಇಷ್ಟು ಹಾಕಲ್ಲ ಕಣೆ, ಮಾರಾಯ್ತಿ."

ಆಮೇಲೆ ನನ್ನ ಕಡೆ ನೋಡದೆ, ಅಷ್ಟು ಬೇಕಾ ನಿಂಗೆ ಅದು ಎಂದು ಕೇಳಿದ. ಅವನ ದನಿಯಲ್ಲಿ ಗೇಲಿ ಇರಲಿಲ್ಲ. ಬೇಕು ಎಂದರೆ ಅವನು ಕೊಡಲಾರ. ಅದು ಅವನ ಮನೆಯದೇ ಆದರೂ ಗಂಡಸರ ಕೈಗೆ ಬರುವಂಥದ್ದಲ್ಲ. ಅವನು ಕೊಡಬಹುದಾದ್ದನ್ನೆಲ್ಲ ಯಾವತ್ತೋ ಕೊಟ್ಟಿದ್ದ. ನಾನು ತಲೆ ಅಲ್ಲಾಡಿಸಿದೆ. ಹೌದೆಂದೋ ಅಲ್ಲವೆಂದೋ ಅವನಿಗೂ ತಿಳಿದಿರಲಿಕ್ಕಿಲ್ಲ.

ಬೆರಳು ಊದಿತು, ಚರ್ಮ ಸುಲಿಯಿತು. ಕೆಲವು ದಿನದ ಮೇಲೆ ಉಗುರಿನ ಮೇಲರ್ಧ ತಾನಾಗಿ ಎದ್ದು ಬಂತು, ತೊಳೆಯುವ ಬಟ್ಟೆಗೆ ಸಿಕ್ಕಿಕೊಂಡು ಉದುರಿತು. ಕೆಳಗಿನ ಮಾಂಸ ಕೆಂಪಗೆ, ಮುಟ್ಟಿದರೆ ಜೀವ ಹೋಗುವ ಹಾಗೆ. ಆದರೆ ಬುಡದಲ್ಲಿ, ಚರ್ಮದ ಅಂಚಿನಿಂದ ಆಚೆಗೆ, ತೆಳುವಾದ ಗುಲಾಬಿ ಬಣ್ಣದ ಒಂದು ಗೆರೆ ಕಂಡಿತು. ನುಣುಪಾಗಿತ್ತು. ಮೈಲುತುತ್ತದಿಂದ ಬಂತೋ, ವಿನೆಗರಿನಿಂದಲೋ, ಇಷ್ಟು ದಿನವೂ ಹಳದಿಯ ಅಡಿಯಲ್ಲಿ ಇತ್ತೋ, ಹೇಳುವವರಿಲ್ಲ. ಅದನ್ನು ಯಾರಿಗೂ ತೋರಿಸಲಿಲ್ಲ. ದಿನಕ್ಕೆ ಎಷ್ಟು ಸಲ ನೋಡಿಕೊಳ್ಳುತ್ತಿದ್ದೆನೋ. ಹಸುಗೂಸನ್ನು ತೊಟ್ಟಿಲಲ್ಲಿಟ್ಟವರು ಹೀಗೆ ಮತ್ತೆ ಮತ್ತೆ ಬಗ್ಗಿ ನೋಡುತ್ತಾರೇನೋ.

ಆ ದಿನಗಳಲ್ಲಿ ಬೆರಳಿಗೆ ಬಟ್ಟೆ ಸುತ್ತಿದ್ದರಿಂದ ನೋನಿ ಕೈ ಕೇಳಲಿಲ್ಲ. ಅವರಿಗೂ ಶಕ್ತಿ ಇರಲಿಲ್ಲ. ಊಟ ಬಿಟ್ಟರು. ಪಾದ್ರಿ ಬಂದು ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಿ ಹೋದರು. ಇಟಾ ರಜೆ ಹಾಕಿ ಬಂದು, ಎರಡು ದಿನ ಇದ್ದು, ನಾಳೆ ಬರುತ್ತೇನೆಂದು ಮಗಳನ್ನು ಕರೆತರಲು ಹೋಗಿದ್ದಳು.

ಅವತ್ತು ಬೆಳಿಗ್ಗೆ ಮಬ್ಬು ಹರಿದಿತ್ತು. ಕಿಟಕಿಯ ಆಚೆ ಮೆಲ್ ಮರಿ ಹಾಕಿದ ಕುರಿಗಳಿಗೆ ಹುಲ್ಲು ಹಾಕುತ್ತಿದ್ದದ್ದು ಕಾಣುತ್ತಿತ್ತು. ನಾನು ನೋನಿಯ ತುಟಿಗೆ ಒದ್ದೆ ಹತ್ತಿ ಒತ್ತುತ್ತಿದ್ದೆ. ಅವರು ಮುಖ ತಿರುಗಿಸಿ ಅದನ್ನು ಬೇಡವೆಂದರು. ಹೊದಿಕೆಯ ಮೇಲೆ ಅಂಗೈ ತೆರೆಯಿತು.

ನಾನು ಬೆರಳಿನ ಬಟ್ಟೆ ಬಿಚ್ಚಿದೆ. ಅವರ ಬೆರಳು ಬುಡದಲ್ಲಿ ಆ ಗುಲಾಬಿ ಗೆರೆಯನ್ನು ಮುಟ್ಟಿ, ಅಲ್ಲಿಂದ ಮುಂದಕ್ಕೆ ಬರಲಿಲ್ಲ. ಅಲ್ಲೇ ಇತ್ತಿಂದತ್ತ ಸವರಿತು. ಅಷ್ಟು ಹಗುರ, ನನಗೆ ನೋವಾಗಲೇ ಇಲ್ಲ.

"ಬರ್ತಿದೆ," ಎಂದರು.

"ಬರ್ತಿದೆ, ನೋನಿ. ಸ್ವಲ್ಪಾನೇ."

"ಚಾ ಕುಡ್ದೆಯಾ?"

"ಇಲ್ಲ, ಇನ್ನೂ ಇಲ್ಲ."

"ಬಗ್ಗು."

ಬಗ್ಗಿದೆ. ಅವರ ಬಾಯಿ ನನ್ನ ಕಿವಿಗೆ ತಾಗಿತು. ಆ ಮಾತು ನಾನು ಊಹಿಸಿದ್ದಕ್ಕಿಂತ ಚಿಕ್ಕದು, ಮಕ್ಕಳು ಕಲಿಯುವ ಪ್ರಾರ್ಥನೆಯಷ್ಟು. ಹೇಳಿ ಮುಗಿಸಿ, ತಮ್ಮ ಹೆಬ್ಬೆರಳನ್ನು ತುಟಿಗೆ ಒತ್ತಿಕೊಂಡು, ಅದನ್ನು ನನ್ನ ಹೆಬ್ಬೆರಳಿಗೆ ಒತ್ತಿ ಹಿಡಿದರು. ಅವರ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ. ಈ ಮನೆಗೆ ಬಂದ ದಿನದಿಂದ ಆ ಕೈ ನನ್ನನ್ನು ಹಾಗೆ ಹಿಡಿದಿರಲಿಲ್ಲ. ಎತ್ತಿಸಿಕೊಳ್ಳಲು ಹಿಡಿದಿತ್ತು, ಬೀಳದಿರಲು ಹಿಡಿದಿತ್ತು, ಉಗುರು ನೋಡಲು ಹಿಡಿದಿತ್ತು. ಇದು ಬೇರೆ.

"ಥ್ಯಾಂಕ್ಯೂ, ನೋನಿ," ಅಂದೆ.

ಅಂದದ್ದು ನನ್ನ ಕಿವಿಗೇ ಆಮೇಲೆ ಕೇಳಿಸಿತು. ಅಂಗಡಿಯಲ್ಲಿ, ಬಸ್ಸಿಳಿಯುವಾಗ, ದಾರಿ ಬಿಟ್ಟ ಕಾರಿಗೆ, ದಿನಕ್ಕೆ ಎಷ್ಟು ಸಲ ಅನ್ನುತ್ತೇವೋ ಅದೇ ಮಾತು. ಈ ಕೋಣೆಯೊಂದರಲ್ಲಿ ಆಡಬಾರದ ಮಾತು. ಅದನ್ನು ಬಂದವರಿಗೆಲ್ಲ ಬಾಗಿಲಲ್ಲೇ ನಿಂತು ನೆನಪಿಸುತ್ತಿದ್ದವಳು ನಾನು.

ನೋನಿಯ ಹಿಡಿತ ಸಡಿಲವಾಯಿತು. ಕಾಣದ ಕಣ್ಣುಗಳನ್ನು ನನ್ನತ್ತ ತಿರುಗಿಸಿದರು.

"ಅಯ್ಯೋ ಮಗಳೇ," ಎಂದರು.

ಇನ್ನೊಂದು ಸಲ ಹೇಳಿ ಎಂದು ಬೇಡಿಕೊಂಡೆ. ನಿಮಗೆ ಕೇಳಿಸಲಿಲ್ಲ ಎಂದುಕೊಳ್ಳಿ, ಬಾಯಿ ತಪ್ಪಿ ಬಂತು, ಎಂದೆ. ಅವರು ಒಂದೇ ಸಲ ಹೇಳುವುದು ಎನ್ನಲಿಲ್ಲ, ಕೆಟ್ಟಿತು ಎನ್ನಲಿಲ್ಲ, ಕೆಡಲಿಲ್ಲ ಎಂದೂ ಹೇಳಲಿಲ್ಲ. ಅವರತ್ತೆ ಏನು ಹೇಳುತ್ತಿದ್ದರೆಂದೂ ಹೇಳಲಿಲ್ಲ. ಕಣ್ಣು ಮುಚ್ಚಿದರು. ಮತ್ತೆ ಮಾತಾಡಲೇ ಇಲ್ಲ. ಮಾತಾಡಲು ಆಗಲಿಲ್ಲವೋ, ಬೇಡವೆನಿಸಿತೋ. ಶನಿವಾರ ಸಂಜೆ ತೀರಿಕೊಂಡರು. ನಾನು, ಮೆಲ್, ಇಟಾ, ಮೂವರೂ ಹತ್ತಿರ ಇದ್ದೆವು.

ಮೆಲ್‌ಗೆ ಆ ಮಾತು ಬಂದ ದಿನವೇ ಹೇಳಿದ್ದೆ, ಕುರಿ ಹಟ್ಟಿಯಲ್ಲಿ, ಅವನು ಮರಿಗೆ ಬಾಟಲಿ ಹಾಲು ಕುಡಿಸುತ್ತಿದ್ದಾಗ. ಅಮ್ಮ ಕೊಟ್ಟರು ಎಂದೆ. ಆಮೇಲೆ ನಾನು ಥ್ಯಾಂಕ್ಯೂ ಅಂದದ್ದನ್ನೂ ಹೇಳಿದೆ. ಅವನು ಬಾಟಲಿಯನ್ನು ಇನ್ನಷ್ಟು ಎತ್ತಿ ಹಿಡಿದು, ಅದು ರೋಗಿಗಳಿಗೆ ಹಾಕಿದ ನಿಯಮ, ಕಲಿಯುವವರಿಗೆ ಅಲ್ಲವೇನೋ ಎಂದ. ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಒಬ್ಬರೇ.

ಹೆಣ ಮನೆಯಲ್ಲಿಟ್ಟ ಎರಡು ದಿನವೂ ಜನ ಬಂದರು. ಸ್ಯಾಂಡ್‌ವಿಚ್ ಕೊಯ್ದು ಕೊಯ್ದು ಬೆರಳಿನ ಬಟ್ಟೆಗೆಲ್ಲ ಬೆಣ್ಣೆ ಮೆತ್ತಿಕೊಂಡಿತ್ತು. ನನ್ನ ಕೈ ಕುಲುಕಿದವರೆಲ್ಲ ಆ ಬಟ್ಟೆಯನ್ನು ನೋಡಿದರು, ನನ್ನ ಮುಖವನ್ನು ನೋಡಿದರು. ಜೋಸಿ ಮಾತ್ರ ನೇರವಾಗಿ ಕೇಳಿದಳು, ಬಂತು ತಾನೆ ಎಂದು. ಹೇಳಿದರು, ಅಂದೆ. ಅಷ್ಟು ನಿಜ.

ಪಾತ್ರೆ ತೊಳೆಯುವಾಗ ಇಟಾ ನನ್ನ ಪಕ್ಕ ನಿಂತು ಒರೆಸುತ್ತಿದ್ದವಳು ಕೈ ನಿಲ್ಲಿಸಿದಳು.

"ನನ್ನನ್ನ ಒಂದ್ ಸಲಾನೂ ಕರೀಲಿಲ್ಲ ಅಲ್ವಾ ಅಮ್ಮ? ನಂಬಿಕೆ ಇಲ್ಲ ಅಂತ ನಾನಂದೆ, ನಿಜ. ಆದ್ರೂ ಕರೀಬಹುದಿತ್ತು."

ಇವಳಿಗೆ ಎಲ್ಲ ಹೇಳಿಬಿಡೋಣ ಅನಿಸಿತು. ಬಂದದ್ದನ್ನು ನಾನು ಕೆಡಿಸಿಕೊಂಡೆ, ನಿನಗೂ ಇಲ್ಲ ನನಗೂ ಇಲ್ಲ ಎಂದು. ಆದರೆ ಅವಳು ಅಳುತ್ತಿದ್ದಳು. ಅಳುವವಳ ಕೈಗೆ ಇದನ್ನೂ ಕೊಡುವುದು ಹೇಗೆ? ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು ನಾನೇ ಒರೆಸಿದೆ.

ಏಪ್ರಿಲ್ ಕಳೆಯಿತು. ಉಗುರು ಅರ್ಧದವರೆಗೆ ಬಂದಿತ್ತು. ಆಮೇಲೆ ಒಂದು ಬೆಳಿಗ್ಗೆ ಆ ಹೊಸ ಉಗುರಿನ ಮೂಲೆಯಲ್ಲೇ ಬಿಳುಪು ಕಂಡಿತು. ನಾನು ವಿನೆಗರ್ ಇಟ್ಟುಕೊಳ್ಳಲಿಲ್ಲ, ಏನೂ ಮಾಡಲಿಲ್ಲ. ಈಗ ಡಾಕ್ಟರ ಹತ್ತಿರ ಹೋಗಬಹುದಲ್ಲ ಎಂದ ಮೆಲ್. ಮದ್ದು ನನ್ನಲ್ಲಿ ಇಲ್ಲ ಎಂದಾದರೆ ಹೋಗಬಹುದು. ಇದ್ದರೆ, ಡಾಕ್ಟರ ಮದ್ದು ಬಿದ್ದ ಬೆರಳಿನಲ್ಲಿ ಅದು ನಿಲ್ಲುವುದಿಲ್ಲ. ಹಾಗೆ ಅವನಿಗೆ ವಿವರಿಸುವಾಗ ನನ್ನ ಮಾತು ನನಗೇ ಹುಚ್ಚಿಯ ಮಾತಿನ ಹಾಗೆ ಕೇಳಿಸಿತು. ಅವನು ವಾದ ಮಾಡಲಿಲ್ಲ.

ಮೇ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಗೇಟಿನಲ್ಲಿ ಕಾರು ನಿಂತಿತು. ಮಕ್‌ಹ್ಯೂ ಮನೆಯ ಸೊಸೆ ಶನೀನ್ ತನ್ನ ಮಗಳನ್ನು ಕರೆದುಕೊಂಡು ಬಂದಿದ್ದಳು. ಏಳು ವರ್ಷದ ಹುಡುಗಿ. ಬರುವ ಶನಿವಾರ ಚರ್ಚಿನಲ್ಲಿ ಅವಳು ಮೊದಲ ಸಲ ಪ್ರಸಾದ ಪಡೆಯುವ ಹಬ್ಬ, ಬಿಳಿ ಗೌನು, ಮುಸುಕು, ಫೋಟೋ, ಊಟ, ಎಲ್ಲ ನಿಗದಿಯಾಗಿದೆ. ಕೆನ್ನೆಯ ಮೇಲೆ ಬಳೆಯಷ್ಟು ದೊಡ್ಡದಾಗಿ ಹುಳುಕಡ್ಡಿ. ಮುಲಾಮು ತಂದು ಹಚ್ಚುತ್ತಿದ್ದೇವೆ, ಆದರೆ ಇನ್ನೂ ಹರಡುತ್ತಿದೆ, ನಮ್ಮ ಮಾವ ಇಲ್ಲಿಗೇ ಹೋಗಿ ಅಂದರು ಎಂದಳು. ಇವಳೂ ಹೊರಗಿನಿಂದ ಬಂದ ಸೊಸೆ, ಗಾಲ್ವೇ ಕಡೆಯವಳು. ಹೇಗೆ ಕೇಳಬೇಕೆಂದು ಯಾರೋ ಹೇಳಿಕೊಟ್ಟಿದ್ದರು. ದಯವಿಟ್ಟು ಎಂದೂ ಅನ್ನಬಾರದೆಂದು ತಡವರಿಸಿದಳು.

ನನ್ನಲ್ಲಿ ಮದ್ದಿಲ್ಲ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಒಬ್ಬಳಿಗೆ ಹೇಳಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ, ನೋನಿಯ ಜೊತೆಗೇ ಅದು ಹೋಯಿತು ಎಂದು. ಇದೆ ಎಂದರೆ, ಆ ಮಗುವಿನ ಮುಖದ ಮೇಲೆ ನಾನೊಂದು ಸುಳ್ಳು ಬರೆದ ಹಾಗೆ. ನಾನು ಎರಡನ್ನೂ ಹೇಳಲಿಲ್ಲ. ಇನ್ನೂ ಚಾ ಕುಡಿದಿರಲಿಲ್ಲ. ಕುರ್ಚಿ ಎಳೆದು ಹುಡುಗಿಯನ್ನು ಕೂರಿಸಿದೆ.

ಹೆಬ್ಬೆರಳನ್ನು ತುಟಿಗೆ ಒತ್ತಿಕೊಂಡಾಗ ಶನೀನ್‌ನ ಕಣ್ಣು ಅದರ ಮೇಲೆ ಬಿತ್ತು. ಅರ್ಧ ಗುಲಾಬಿ, ಅರ್ಧ ಬೋಳು, ಅಂಚಿನಲ್ಲಿ ಇನ್ನೂ ಮಾಸದ ಹಸಿರು, ಮೂಲೆಯಲ್ಲಿ ಬಿಳುಪು. ಅವಳ ಕೈ ಮಗಳ ಭುಜದ ಮೇಲಿತ್ತು. ಅದು ಬಿಗಿಯಾದದ್ದನ್ನು ನಾನು ಕಂಡೆ. ಮಗಳನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಮರ್ಯಾದೆಗೆ ಎಳೆದುಕೊಳ್ಳಲಿಲ್ಲವೇನೋ. ನಾನು ಆ ಬಳೆಯ ಸುತ್ತ ಗೆರೆ ಎಳೆದೆ, ನೋನಿ ಹೇಳಿದ ಮಾತನ್ನು ಹೇಳಿದೆ. ಒಂದು ಅಕ್ಷರವೂ ಮರೆತಿರಲಿಲ್ಲ. ಹುಡುಗಿ ಕಚಗುಳಿಯಾಗಿ ನಕ್ಕಳು.

ಗುರುವಾರ ಬರಬೇಕು ಎಂದೆ. ಶನೀನ್ ಬಾಯಿ ತೆರೆದು, ಏನೋ ನೆನಪಾಗಿ ಮುಚ್ಚಿ, ಇವತ್ತು ಬಿಸಿಲು ಬರೋ ಹಾಗಿದೆ ಅಂದಳು. ಹೌದು, ಮಳೆ ಸಾಕಾಗಿದೆ, ಅಂದೆ. ಕಾರಿನ ಬಾಗಿಲು ಹಾಕುವ ಮೊದಲು ಅವಳು ಕರವಸ್ತ್ರವನ್ನು ಒದ್ದೆ ಮಾಡಿ ಮಗಳ ಕೆನ್ನೆಗೆ ಹಚ್ಚಿದ್ದು ಅಡುಗೆಮನೆಯ ಕಿಟಕಿಯಿಂದ ಕಂಡಿತು. ಒರೆಸಿದಳೋ, ಮಗು ಕೆರೆದುಕೊಂಡದ್ದಕ್ಕೆ ತಂಪು ಮಾಡಿದಳೋ, ಅಷ್ಟು ದೂರದಿಂದ ತಿಳಿಯಲಿಲ್ಲ.

ಗುರುವಾರ ಎದ್ದವಳು ಏನೂ ತಿನ್ನಲಿಲ್ಲ. ಒಲೆಯ ಬೂದಿ ತೆಗೆದೆ, ಕೋಳಿಗೆ ಕಾಳು ಹಾಕಿದೆ, ನೋನಿಯ ಕೋಣೆಯ ಕಿಟಕಿ ತೆರೆದಿಟ್ಟೆ. ಎರಡು ಕಾರು ಹೋದವು, ಎರಡೂ ನಿಲ್ಲಲಿಲ್ಲ. ಶಾಲೆ ಬಿಡಿಸಿ ಕರೆತರಲು ಆಗಲಿಲ್ಲವೇನೋ, ಊಟದ ಬಿಡುವಿಗೆ ಬರಬಹುದು ಅಂದುಕೊಂಡೆ. ಚರ್ಚಿನ ಮಧ್ಯಾಹ್ನದ ಗಂಟೆ ಕೇಳಿಸಿತು.

ಮೆಲ್ ಬಂದು ಆಲೂಗಡ್ಡೆ ಬೇಯಿಸಿದ. ಅದು ಅವನ ಕೆಲಸವಲ್ಲ. ಕೋಸು, ಹಂದಿ ಮಾಂಸದ ತುಂಡು, ಮೇಲೆ ಬೆಣ್ಣೆ. ನನ್ನ ಮುಂದೆ ಒಂದು ತಟ್ಟೆ ಇಟ್ಟ, ತನಗೊಂದು ಇಟ್ಟುಕೊಂಡ.

"ಮೇಲಿನ ರಸ್ತೇಲಿ ಹುಲ್ಲಿನ ಟ್ರೇಲರ್ ಸಿಕ್ಕಾಕೊಂಡಿದೆ. ಬರ್ತಾರೆ ಬಿಡು, ತಡ ಆಗುತ್ತೆ."

ಇರಬಹುದು ಅಂದೆ. ಈಗ ಒಂದು ತುತ್ತು ತಿಂದರೂ ಇವತ್ತಿನದು ಮುಗಿದ ಹಾಗೆ, ಎಂದೂ ಹೇಳಿದೆ. ಅವನು ಫೋರ್ಕ್ ಎತ್ತಿಕೊಂಡಿದ್ದವನು ಅದನ್ನು ತಟ್ಟೆಯ ಪಕ್ಕ ಇಟ್ಟ. ನೀನು ತಿನ್ನು, ಹೊಲದಲ್ಲಿ ಕೆಲಸ ಮಾಡಿ ಬಂದಿದ್ದೀಯ, ಎಂದೆ. ಅವನು ತಿನ್ನಲಿಲ್ಲ. ಇಬ್ಬರೂ ಕಿಟಕಿಯ ಕಡೆ ಮುಖ ಮಾಡಿ ಕೂತೆವು. ಆಲೂಗಡ್ಡೆಯ ಮೇಲಿನ ಬೆಣ್ಣೆ ಮೊದಲು ಕರಗಿತು, ಆಮೇಲೆ ನಿಧಾನವಾಗಿ ಹೆಪ್ಪುಗಟ್ಟತೊಡಗಿತು.